ಕೊನೆಯ ತುಂಡು ಕೇಕು

ಪೆಟ್ಟಿಗೆಗಳ ತೂಕ ಬರೆಯುವಾಗ ಸಿಕ್ಸ್ಟೆನ್ ಹೆಡ್ಲುಂಡ್ ಬೇಕೆಂದೇ ಒಂದು ಸೊನ್ನೆ ಬಿಟ್ಟ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವನು ಮಾಡಿದ ಮೊದಲ ತಪ್ಪು ಅದು.

ಸ್ವೀಡನ್ನಿನ ನಮ್ಮೂರಿಗೆ ಇರುವುದು ಒಂದೇ ಕಾರ್ಖಾನೆ. ವಿಮಾನದ ಬಿಡಿಭಾಗ, ಕ್ಷಿಪಣಿ ಎಲ್ಲ ಮಾಡುತ್ತದೆ, ಹನ್ನೊಂದು ದೇಶಗಳಲ್ಲಿ ಶಾಖೆ ಇದೆ. ಮಾಡಿದ್ದು ಎಲ್ಲಿ ಹೋಗಿ ಬೀಳುತ್ತದೆಂದು ನಾವು ಕೇಳುವವರಲ್ಲ. ರಫ್ತಿನ ಕಾಗದಪತ್ರ ನೋಡುವ ಸಿಕ್ಸ್ಟೆನ್ ಕೂಡ ಕೇಳಿದವನಲ್ಲ. ಆದರೆ ಅಂದಿನ ನಲವತ್ತು ಪೆಟ್ಟಿಗೆ ಕ್ಷಿಪಣಿ ಕೊಂಡಿದ್ದ ದೇಶ ತನ್ನ ನೆರೆಯ ದೇಶದ ಮೇಲೆ ಯುದ್ಧ ಹೂಡಿತ್ತು. ಆ ನೆರೆದೇಶದ ಗಡಿಯ ಆಸ್ಪತ್ರೆಯೊಂದರಲ್ಲಿ ಅವನ ಒಬ್ಬಳೇ ಮಗಳು ತೂವಾ ನರ್ಸ್ ಆಗಿದ್ದಳು. ಆ ಸಲ ಮಾತ್ರ ಅವನು ವಿಳಾಸವನ್ನು ಎರಡು ಸಲ ಓದಿದ.

ಮರುದಿನದಿಂದ ಕಾರ್ಖಾನೆಗೆ ನಾಲ್ಕು ವಾರ ಬೇಸಿಗೆ ರಜೆ. ಜುಲೈ ತಿಂಗಳಲ್ಲಿ ದೇವರೇ ಬಂದು ಬಾಗಿಲು ಬಡಿದರೂ ನಮ್ಮಲ್ಲಿ ಯಾರೂ ತೆಗೆಯುವುದಿಲ್ಲ. ಮಾರಾಟದ ಪರವಾನಗಿಯೂ ಅಂದೇ ಮುಗಿಯುತ್ತಿತ್ತು. ಎರಡು ಗಂಟೆಗೆ ಲಾರಿ ಹೊರಡದಿದ್ದರೆ ಹಡಗು ತಪ್ಪುತ್ತದೆ, ಪರವಾನಗಿ ಸಾಯುತ್ತದೆ, ಮಗಳು ಉಳಿಯುತ್ತಾಳೆ.

ಬಿಟ್ಟ ಸೊನ್ನೆಯನ್ನು ಪಕ್ಕದ ಮೇಜಿನ ಗುನ್ವೋರ್ ಹುಡುಕಿ ಹಾಕಿದಳು. ನಿನಗೆ ಆಗಲೇ ರಜೆಯ ಗುಂಗು ಹತ್ತಿದೆ ಎಂದು ಬೆನ್ನು ತಟ್ಟಿದಳು. ಸಿಕ್ಸ್ಟೆನ್ ಕಚೇರಿಯ ಮೊಹರನ್ನು ತನ್ನ ಬೂಟಿನಲ್ಲಿ ಬಚ್ಚಿಟ್ಟ. ಅವನು ಕುಂಟುವುದನ್ನು ಕಂಡು ಗುನ್ವೋರಳೇ ಅವನನ್ನು ಕೂರಿಸಿ, ಬೂಟು ಕಳಚಿ, ಮೊಹರನ್ನು ಹೊರತೆಗೆದಳು. ಬಂದರಿನ ದಾರಿ ಮುಚ್ಚಿದೆ ಎಂದು ಲಾರಿಯವನಿಗೆ ಸುಳ್ಳು ಹೇಳಿದ. ಲಾರಿಯವನ ಭಾವನಿಗೆ ರಸ್ತೆ ಇಲಾಖೆಯಲ್ಲೇ ಕೆಲಸ. ಸಹಾಯ ಮಾಡುವ ಚಾಳಿ ನಮ್ಮೂರಿಗೆ ಅಂಟಿದ ಶಾಪ, ಹಾಳಾದ್ದು.

ಒಂದೂವರೆಗೆ ಅವನು ಬೇಕರಿಗೆ ಓಡಿ ಒಂದು ಕೇಕು ತಂದು ಕಾಫಿ ಕೋಣೆಯಲ್ಲಿಟ್ಟ. ಕಾಫಿಗೆ ಕೂತವರ ಮುಂದೆ ಕೆಲಸದ ಮಾತೆತ್ತುವುದು ನಮ್ಮಲ್ಲಿ ಮದುವೆ ಮನೆಯಲ್ಲಿ ಹೆಣದ ಸುದ್ದಿ ತೆಗೆದ ಹಾಗೆ. ಪೆಟ್ಟಿಗೆಗಳನ್ನು ತಪಾಸಣೆ ಮಾಡಬೇಕಿದ್ದ ಎಬ್ಬಾ ಬಂದಳು, ಗುನ್ವೋರ್ ಬಂದಳು, ಲಾರಿಯವನೂ ಬಂದ.

ಕೊನೆಗೆ ತಟ್ಟೆಯಲ್ಲಿ ಒಂದೇ ತುಂಡು ಉಳಿಯಿತು. ಅದನ್ನು ಮುಟ್ಟುವವನು ನಮ್ಮ ಕಣ್ಣಿಗೆ ಹೊಟ್ಟೆಬಾಕ, ಬಿಟ್ಟೆದ್ದು ಹೋದರೆ ತಂದವನಿಗೆ ಅವಮಾನ.

"ನೀನೇ ತಗೋ ಎಬ್ಬಾ," ಎಂದ ಲಾರಿಯವನು.

"ಅಯ್ಯೋ ನಂಗ್ಯಾಕೆ, ಗುನ್ವೋರ್ ತಗೊಳ್ಲಿ."

ಗುನ್ವೋರ್ ಅರ್ಧ ಕತ್ತರಿಸಿಕೊಂಡಳು. ಉಳಿದ ಅರ್ಧದಲ್ಲಿ ಎಬ್ಬಾ ಅರ್ಧ ತೆಗೆದುಕೊಂಡಳು. ಅದರಲ್ಲಿ ಅರ್ಧ ಲಾರಿಯವನು. ಹೀಗೆ ಕತ್ತರಿಸುತ್ತಾ ಹೋಗಿ ತುಂಡು ಹುಣಸೆ ಬೀಜದಷ್ಟಾದಾಗ ಗಂಟೆ ಎರಡೂ ಇಪ್ಪತ್ತು. ಸಿಕ್ಸ್ಟೆನ್‌ಗೆ ಅಳು ಬರುವಷ್ಟು ಸಂತೋಷವಾಯಿತು.

ಮೂರಕ್ಕೆ ಮ್ಯಾನೇಜರ್ ಸೂನೆ ಒಂದು ಕಾಗದ ಹಿಡಿದು ಬಂದ. ಬೈಗುಳಕ್ಕೆ ಸಿದ್ಧನಾಗಿ ಸಿಕ್ಸ್ಟೆನ್ ತಲೆ ತಗ್ಗಿಸಿದ.

"ತಲೆ ಕೆಡಿಸ್ಕೋಬೇಡ," ಎಂದ ಸೂನೆ. "ಅವರ ಪರವಾನಗಿ ಸತ್ತಿದ್ದೇ ಒಳ್ಳೇದಾಯ್ತು. ಎದುರು ಕಡೆಯವರೂ ಆರು ತಿಂಗಳಿಂದ ಕೇಳ್ತಾ ಇದ್ರು. ಅವರದ್ದು ಇವತ್ತು ಬೆಳಿಗ್ಗೆ ಮಂಜೂರಾಗಿದೆ. ಹಡಗೂ ಬೇಡವಂತೆ, ವಿಮಾನಾನೇ ಕಳಿಸಿದ್ದಾರೆ. ವಿಳಾಸ ಬದಲಾಯಿಸಿ ಸಹಿ ಹಾಕು, ಸಾಕು."

ಎದುರು ಕಡೆ ಎಂದರೆ ತೂವಾ ಇರುವ ದೇಶ. ಅಂದರೆ ಈ ನಲವತ್ತೂ ಪೆಟ್ಟಿಗೆ ಅವಳ ತಲೆಯ ಮೇಲೆ ಬೀಳುವುದಿಲ್ಲ, ಅವಳಿಂದಾಚೆ ಗಡಿಯ ಆ ಬದಿಗೆ ಹಾರುತ್ತವೆ. ಅಲ್ಲಿ ಯಾರಿದ್ದಾರೆಂದು ಸಿಕ್ಸ್ಟೆನ್ ಯೋಚಿಸಲಿಲ್ಲ. ಒಂದೇ ಗುಕ್ಕಿಗೆ ಮೂರು ಪ್ರತಿಗೂ ಸಹಿ ಹಾಕಿದ. ತೂಕದ ಸೊನ್ನೆಗಳನ್ನು ತಾನೇ ಎರಡು ಸಲ ಎಣಿಸಿ ನೋಡಿದ. ಲಾರಿ ಗೇಟು ದಾಟಿದ ಮೇಲೆ ಮಗಳಿಗೆ ಫೋನು ಮಾಡಿದ.

"ಇನ್ನು ಹೆದರಬೇಡ ಮಗಳೇ," ಎಂದ.

"ಹೆದರಿಕೆ ಎಲ್ಲಾ ನಿನ್ನೆಗೇ ಮುಗೀತು ಅಪ್ಪ," ಎಂದಳು ತೂವಾ, ನಗುತ್ತಾ. "ಕ್ಷಿಪಣಿ ಬರ್ತಾವೆ ಅಂತ ಆಸ್ಪತ್ರೇನೇ ಖಾಲಿ ಮಾಡಿಸಿದ್ರು. ರೋಗಿಗಳನ್ನೆಲ್ಲ ಕರ್ಕೊಂಡು ಗಡಿ ದಾಟಿ ಈ ಬದಿಗೆ, ಯುದ್ಧ ಹೂಡಿದವರ ದೇಶಕ್ಕೇ ಬಂದಿದೀವಿ, ತಮ್ಮ ನೆಲಕ್ಕೆ ತಾವೇ ಹೊಡ್ಕೊಳ್ಳಲ್ಲವಲ್ಲ. ಇಲ್ಲಿಗೆ ಹೊಡೆಯೋಕೆ ಪಾಪ ನಾವು ಬಿಟ್ಟು ಬಂದ ಕಡೆಯವರ ಹತ್ರ ಏನೂ ಇಲ್ವಂತೆ."