ಮಾರಿ ಅಲ್ಲಾಡದ ವರ

“ಇನ್ನೊಮ್ಮೆ ಹೇಳತೇನಿ ಕೇಳ್ರಿ, ಮಾವಾರ. ನಂದು ಕುಂತು ಮಾಡೂ ಕೆಲಸ. ಪೋಕರ್ ಅಂತಾರ. ಗೋವಾದಾಗ ರಾತ್ರಿ ಮೇಜಿನ ಸುತ್ತ ಕುಂತಿರತೇವಿ. ಕೈಗೆ ಎರಡು ಎಲಿ ಬರತಾವ. ಛಲೋ ಬಂದ್ರ ನಗಬಾರದು, ಕೆಟ್ಟ ಬಂದ್ರ ಮಾರಿ ಸಣ್ಣದು ಮಾಡಬಾರದು. ಮಂದಿ ಮಾರಿ ನೋಡಿ ಅವರ ಕೈಯಾಗ ಏನೈತಿ ಅಂತ ತಿಳಕೋಬೇಕು, ನಮ್ಮ ಮಾರಿ ಯಾರಿಗೂ ತಿಳೀಬಾರದು. ಭಾಳ ಸರ್ತಿ ಎಲಿ ಚೆಲ್ಲಿ ಸುಮ್ಮನ ಕೂಡೂದ ಕೆಲಸ. ಅವಸರ ಮಾಡಿದಾಂವ ಮನಿಗೆ ಹೋಗತಾನ, ತಡಕೊಂಡಾಂವ ಉಳೀತಾನ. ಮನಿ ಕಟ್ಟಿಸಿದ್ದೂ ಇದರಾಗ, ತಂಗಿ ಲಗ್ನ ಮಾಡಿದ್ದೂ ಇದರಾಗ.”

ಉಗರಗೋಳದ ಅಂದಾನೆಪ್ಪನ ಪಡಸಾಲೆಯಲ್ಲಿ, ಕನ್ಯೆ ನೋಡಲು ದೊಡವಾಡದಿಂದ ಬಂದಿದ್ದ ಮಾಂತೇಶ ಇಷ್ಟು ಹೇಳಿ ಕೈಕಟ್ಟಿ ಕುಳಿತ. ಪಕ್ಕದಲ್ಲಿದ್ದ ತಾಯಿ ಸತ್ಯವ್ವ ಅಂದಾನೆಪ್ಪನ ಮುಖವನ್ನೇ ನೋಡತೊಡಗಿದಳು. ಈ ಮಾತು ಬರುವ ತನಕ ಎಲ್ಲ ಸಂಬಂಧವೂ ಕೂಡುವ ಹಾಗೇ ಇರುತ್ತಿತ್ತು.

ಅಂದಾನೆಪ್ಪ: ಇನ್ನಾ ಮಾವ ಆಗಿಲ್ಲ, ಕಾಕಾ ಅನ್ರಿ. ಅಂದ್ರ ಇಸ್ಪೀಟು ಅನ್ರಿ ಮತ್ತ.

ಮಾಂತೇಶ: ಹೌದ್ರಿ ಕಾಕಾ.

ಅಂದಾನೆಪ್ಪ: ನಮ್ಮೂರಾಗೂ ಬೇವಿನಗಿಡದ ಬುಡಕ ಆಡತಾರ. ಪೊಲೀಸ್ರು ಬಂದ್ರ ಗೋವಿನಜ್ವಾಳದಾಗ ಹೊಕ್ಕೋತಾರ. ನೀವು ಎಲ್ಲಿ ಹೊಕ್ಕೋತೀರಿ?

ಮಾಂತೇಶ: ನಮ್ಮಲ್ಲಿ ಹೊಕ್ಕೊಳ್ಳೂದು ಇಲ್ರಿ. ಏಸಿ ಐತಿ, ಬಾಗಲದಾಗ ಸಲಾಮ್ ಹೊಡೀತಾರ.

ಅಂದಾನೆಪ್ಪ: ಪೊಲೀಸ್ರು?

ಮಾಂತೇಶ: ವಾಚ್‌ಮನ್ ರಿ.

ಸತ್ಯವ್ವ: ಸುಮ್ಮನ ಕೂಡೂ ಕೆಲಸ ಅಣ್ಣಾರ, ಮೈಗೆ ತ್ರಾಸಿಲ್ಲ.

ಅಂದಾನೆಪ್ಪ: ಸುಮ್ಮನ ಕೂಡೂದ್ರಾಗ ನಮ್ಮ ದೊಡ್ಡ ಅಳಿಯಾನೂ ಭಾಳ ಹುಷಾರದಾನ. ಅವಂಗ ಯಾರೂ ಪಗಾರ ಕೊಡವಲ್ರು.

ಅಷ್ಟರಲ್ಲಿ ಮಗಳು ಸಪ್ನಾ ಅವಲಕ್ಕಿ ತಂದಿಟ್ಟಳು. ಮಾಂತೇಶ ತಿಂದ. ಮುಖ ಸುಣ್ಣ ಹಚ್ಚಿದ ಗೋಡೆಯ ಹಾಗಿತ್ತು.

ಅಂದಾನೆಪ್ಪ: ಹೆಂಗೈತಿ?

ಮಾಂತೇಶ: ಐತ್ರಿ.

ಅಂದಾನೆಪ್ಪ ತಾನೂ ಒಂದು ತುತ್ತು ಬಾಯಿಗಿಟ್ಟ. ಮರುಗಳಿಗೆ ನೀರಿನ ಕೊಡದತ್ತ ಓಡಿದ.

ಅಂದಾನೆಪ್ಪ: ಎಷ್ಟು ಖಾರ ಹಾಕೀಯವಾ, ಸಪ್ನಾ?

ಸಪ್ನಾ: ಬೇಕಂತನ ಹಾಕೇನಿ. ಬಾಗಲ ಹಿಂದ ನಿಂತು ಎಲ್ಲಾ ಕೇಳೇನಿ. ಖರೇನೋ ಸುಳ್ಳೋ ನೋಡಬೇಕಿತ್ತು.

ಅಂದಾನೆಪ್ಪ: ನೋಡಿದೆಲ್ಲಾ. ಇಂಥಾ ಮಾರಿ ಜೋಡಿ ಬಾಳೆ ಹೆಂಗ ಮಾಡತಿ? ಸಿಟ್ಟು ಬಂತೋ, ಹೊಟ್ಟಿ ನೂಸಾಕ ಹತ್ತೈತೋ, ತಿಳಿಯಂಗನ ಇಲ್ಲ. ಇದು ಬ್ಯಾಡವಾ.

ಸತ್ಯವ್ವ ಸೆರಗು ಸರಿಮಾಡಿಕೊಂಡು, ಏಳಲು ನೆಲಕ್ಕೆ ಕೈಯೂರಿದಳು.

ಸಪ್ನಾ: ಕುಂದರ್ರಿ ಅತ್ತಿ. ನಾ ಒಂದ ಮಾತು ಕೇಳತೇನಿ. ರಾತ್ರಿ ಕೆಲಸ ಅಂದ್ರ ಇವರು ಹಗಲೆಲ್ಲಾ ಮನ್ಯಾಗ ಇರತಾರ. ಹಂಗಾರ ಭಾಂಡೆ ಇವರ ತಿಕ್ಕತಾರಿಲ್ಲ?

ಮಾಂತೇಶನ ಹುಬ್ಬು ಹಣೆಗೇರಿತು, ಬಾಯಿ ತೆರೆಯಿತು, ಕಣ್ಣು ತಾಯಿಯನ್ನು ಹುಡುಕಿತು.

ಸಪ್ನಾ: ಅಪ್ಪಾ, ಈಗ ಮಾರಿ ನೋಡು. ನನಗ ಒಪ್ಪಿಗಿ ಐತಿ.

ಅಂದಾನೆಪ್ಪ: ಏನ ಒಪ್ಪಿಗಿ? ಆ ಮಾರ್ಯಾಗ ‘ಒಲ್ಲೆ’ ಅಂತ ಬರದೈತಲ್ಲ.

ಸಪ್ನಾ: ಓದಾಕ ಬಂತಲ್ಲ. ಇನ್ನ ತಿದ್ದಿದ್ರ ಆತು.

ಸ್ವಲ್ಪ ಹೊತ್ತಿಗೆ ಮಾಂತೇಶ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕುಳಿತು ಅವಲಕ್ಕಿ ತಾಟು ತಿಕ್ಕುತ್ತಿದ್ದ. ಅಂದಾನೆಪ್ಪ ತನ್ನ ತಾಟನ್ನೂ ತಂದು ಮುಂದಿಟ್ಟು ಹೋದ. ಸತ್ಯವ್ವ ತಂಬಿಗೆಯಿಂದ ನೀರು ಹಾಕಿದಳು.