ದೋಣಿ ದಡ ಸೇರುವತನಕ ಕಸ ಹೊಡೆಯಬಾರದು

ನನ್ನ ತಮ್ಮ ಶಿಗ್ಗಾವಿಯ ಪಡಸಾಲೆಯಲ್ಲಿ ಕುಳಿತು ಹಿಂದೂ ಮಹಾಸಾಗರದಲ್ಲಿ ಹಾಯಿದೋಣಿ ನಡೆಸಿದ ಮನುಷ್ಯ. ಅದೂ ಒಂದು ಕಸಬರಿಗೆಯ ಬಲದ ಮೇಲೆ! ಕಸಬರಿಗೆ ಹಿಡಿದು ಅಲ್ಲ, ಮನೆಯಲ್ಲಿ ಯಾರೂ ಅದನ್ನು ಹಿಡಿಯದಂತೆ ಕಾವಲು ಕೂತು. ನೀವು ನಂಬದಿದ್ದರೆ ತಪ್ಪಿಲ್ಲ. ಆದರೆ ಆ ದಿನಗಳಲ್ಲಿ ಆ ಪಡಸಾಲೆಯ ಮೇಲೆ ಬರಿಗಾಲಲ್ಲಿ ನಡೆದವಳು ನಾನು. ನನ್ನ ಅಂಗಾಲನ್ನು ಕೇಳಿ.

ನಾನು ಬೋರ್ಡಿಂಗ್ ಶಾಲೆಯಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವಳು. ಆಮೇಲೆ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ಆ ಗಂಟೆಯನ್ನು ನಾನೇ ಹೊಡೆಸಿದೆ. ಹಾಸಿಗೆ ಮಡಿಚದೆ ಚಹಾ ಕುಡಿಯುವುದು ನನ್ನ ದೃಷ್ಟಿಯಲ್ಲಿ ಶುದ್ಧ ಅಪರಾಧ. ನಿವೃತ್ತಳಾಗಿ ತಮ್ಮನ ಮನೆಗೆ ಬಂದ ಮೇಲೆ ನಸುಕಿನಲ್ಲಿ ಕಸ ಗುಡಿಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಮನೆ ಗುಡಿಸಿದ ಮೇಲೆಯೇ ನನಗೆ ದಿನ ಶುರುವಾಗುವುದು.

ತಮ್ಮ ಲಾರಿ ಧಂದೆಯವನು. ಊರಿಗೆ ಹೊರಟವರ ಬೆನ್ನಿಗೇ ಕಸ ಹೊಡೆಯಬಾರದು ಎಂಬ ಪದ್ಧತಿ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಹೋದವರು ಓಣಿ ತಿರುಗುವವರೆಗೆ ತಡೆದರೆ ಸಾಕು ಎಂದು ಬೇರೆಯವರು ಅದನ್ನು ಮುಗಿಸುತ್ತಾರೆ. ಇವನು ಹಾಗಲ್ಲ. ಲಾರಿ ಹೊರಟಿತೆಂದರೆ, ಡ್ರೈವರ್ ಫೋನಿನಲ್ಲಿ "ಮುಟ್ಟಿದೆ ಸಾವ್ಕಾರ್ರ" ಅನ್ನುವತನಕ ಕಸಬರಿಗೆ ಬಾಗಿಲ ಸಂದಿಯಿಂದ ಹೊರಗೆ ಬರುವಂತಿಲ್ಲ. ಪುಣ್ಯಕ್ಕೆ ಅವನ ಲಾರಿಗಳು ಹೆಚ್ಚೆಂದರೆ ದಾವಣಗೆರೆಗೋ ಕಾರವಾರಕ್ಕೋ ಹೋಗುತ್ತಿದ್ದವು. ಸಂಜೆಯೊಳಗೆ ಮುಟ್ಟುತ್ತಿದ್ದವು. ನಾನು ಹಲ್ಲು ಕಚ್ಚಿ ಸಂಜೆ ಗುಡಿಸುತ್ತಿದ್ದೆ.

ಅವನಿಗೆ ಒಬ್ಬಳೇ ಮಗಳು. ಕಾರವಾರಕ್ಕೆ ಓದಲು ಹೋದವಳು ಸಮುದ್ರ ನೋಡಿದಳು, ದೋಣಿ ಹತ್ತಿದಳು, ಮತ್ತೆ ಇಳಿಯಲೇ ಇಲ್ಲ. ಹೋದ ವರ್ಷ ಅವಳೂ ಅವಳಂಥ ನಾಲ್ವರು ಹುಡುಗಿಯರೂ ಒಂದು ಹಾಯಿದೋಣಿಯ ಸ್ಪರ್ಧೆಗೆ ಹೊರಟರು. ಎಂಜಿನ್ ಹಚ್ಚದೆ, ಬರೀ ಗಾಳಿಯ ಮೇಲೆ, ಗೋವೆಯಿಂದ ಮಾರಿಷಸ್ ದ್ವೀಪದವರೆಗೆ!

ಹೊರಡುವ ಮುಂಚೆ ಮನೆಗೆ ಬಂದಿದ್ದಳು. ಅವಳ ಅವ್ವ ಆರತಿ ಎತ್ತಿ ಅಕ್ಷತೆ ಹಾಕಿದಳು. ನನ್ನ ತಮ್ಮ, ದೋಣಿಗೆ ಕಟ್ಟಲು ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಕೊಟ್ಟ.

"ಸ್ಟೆಪ್ನಿ ಇಟ್ಕೊಂಡೀರೇನವಾ?"

"ದೋಣಿಗೆ ಗಾಲಿ ಇರಂಗಿಲ್ಲಪ್ಪಾ."

"ಗಾಲಿ ಇಲ್ಲದ್ದು ಎಲ್ಲಿಗೆ ಮುಟ್ಟತೈತಿ?"

ಅವಳು ನಕ್ಕಳು. ನನ್ನ ಕಿವಿಯಲ್ಲಿ, "ಅತ್ತಿ, ಅಪ್ಪನ್ನ ಸಂಬಾಳಸ್ರಿ" ಎಂದು ಹೇಳಿ ಕಾರು ಹತ್ತಿದಳು. ಕಾರು ಓಣಿ ತಿರುಗಿತು. ನೆಲದ ತುಂಬ ಅಕ್ಷತೆ ಬಿದ್ದಿತ್ತು. ನಾನು ಒಳಗೆ ಬಂದು ಕಸಬರಿಗೆ ತೆಗೆದುಕೊಂಡೆ.

"ಅಕ್ಕಾ, ಇಡು ಅಲ್ಲೆ. ಅಕಿ ಮುಟ್ಟಲಿ" ಅಂದ.

"ಮುಟ್ಟೂದಕ್ಕ ಮೂರ್ನಾಕು ವಾರ ಬೇಕಂತೋ!"

"ಬೇಕಾದ್ರ ಬೇಕು."

ನಾನು ಕಸಬರಿಗೆಯನ್ನು ಬಾಗಿಲ ಸಂದಿಗೆ ವಾಪಸ್ ಇಟ್ಟೆ.

ಮಾರನೆಯ ದಿನದಿಂದ ನಾನು ಒಳದಾರಿ ಹುಡುಕತೊಡಗಿದೆ. "ಒದ್ದಿ ಅರಬಿಲೆ ಒರಸಲೇನು?" ಎಂದೆ. "ಒರಸೂದು ಕಸಬರಗಿ ತಂಗಿ" ಅಂದ. "ಕೈಲೆ ಆರಸತೇನಿ." "ಕೈಯಾಗ ಐದು ಕಡ್ಡಿ ಅದಾವಲ್ಲ, ಅದೂ ಕಸಬರಗೀನ." ಕೊನೆಗೆ, "ಫ್ಯಾನ್ ಹಚ್ಚಿದ್ರ? ಗಾಳಿಗೆ ತಾನ ಹೋದ್ರ?" ಎಂದೆ. ಅದಕ್ಕೆ ಅವನು ಒಪ್ಪಿದ.

"ಗಾಳಿ ನಡೀತೈತಿ. ಅಕೀನೂ ಗಾಳಿಮ್ಯಾಲೆ ಹೊಂಟಾಳ."

ನಾನು ಗೆದ್ದೆ ಎಂದು ಟೇಬಲ್ ಫ್ಯಾನನ್ನು ಹೊರಬಾಗಿಲಿಗೆ ಮುಖ ಮಾಡಿ ಇಟ್ಟು ಹಚ್ಚಿದೆ. ಅವನು ಎದ್ದು ಬಂದು ಅದನ್ನು ನೈಋತ್ಯಕ್ಕೆ ತಿರುಗಿಸಿದ. ಮಾರಿಷಸ್ ಆ ಕಡೆ ಇದೆಯಂತೆ. ನೈಋತ್ಯ ಮೂಲೆಗೆ ನನ್ನ ಕೋಣೆಯೂ ಇದೆ! ಸಂಜೆಯೊಳಗೆ ಪಡಸಾಲೆಯ ಧೂಳೆಲ್ಲ ನನ್ನ ಮಂಚದ ಕೆಳಗೆ ಬಂದು ಲಂಗರು ಹಾಕಿತ್ತು.

ತಂಡದ ಐದೂ ಮನೆಯವರು ಸೇರಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಬೇರೆ ಊರುಗಳ, ಬೇರೆ ಭಾಷೆಗಳ ಜನ. ತಮ್ಮ ತನ್ನ ಲಾರಿ ಹಿಂದಿಯಲ್ಲಿ ಮಾತಾಡಿ ಎಲ್ಲರಿಗೂ ಕಳಿಸಿದ, ದೋಣಿ ಮುಟ್ಟುವತನಕ ಯಾರೂ ಝಾಡೂ ಹಿಡಿಯಬೇಡಿ ಎಂದು. ಪುಣೆಯ ತಾಯಿಯೊಬ್ಬಳು, ತನ್ನ ಮನೆಯಲ್ಲಿ ಝಾಡೂ ಇಲ್ಲ, ತಾನೇ ತಿರುಗಾಡಿ ಕಸ ತೆಗೆಯುವ ಮಷೀನ್ ಇದೆ, ಅದು ನಡೆಯುತ್ತದೆಯೇ ಎಂದು ಕೇಳಿದಳು. ನನ್ನ ತಮ್ಮನಿಗೆ ಆ ದಿನ ಊಟ ಸೇರಲಿಲ್ಲ. ಮರುದಿನ ತೀರ್ಪು ಕೊಟ್ಟ: ಮಷೀನಿಗೂ ರಜಾ ಕೊಡ್ರಿ.

ಇಷ್ಟಕ್ಕೇ ಮುಗಿಯಿತೇ? ಹುರಿದುಂಬಿಸಲು ಬಂಧುಬಳಗ ಬರತೊಡಗಿತು. ತಮ್ಮ, ದೋಣಿ ಎಲ್ಲಿದೆ ಎಂದು ಸಮುದ್ರದ ನಕ್ಷೆಯಲ್ಲಿ ತೋರಿಸುವ ಒಂದು ಹಳದಿ ಚುಕ್ಕಿಯನ್ನು ಟಿವಿಯ ಮೇಲೆ ಬರುವಂತೆ ಮಾಡಿದ್ದ. ಅದು ತಾಸುಗಟ್ಟಲೆ ಅಲುಗುತ್ತಿರಲಿಲ್ಲ. ಅಲುಗದ ಚುಕ್ಕಿಯನ್ನು ನೋಡುತ್ತ ಮನುಷ್ಯರು ಏನು ಮಾಡುತ್ತಾರೆ? ಶೇಂಗಾ ಸುಲಿಯುತ್ತಾರೆ! ಹಾನಗಲ್ಲಿನಿಂದ ಅವನ ಹಳೆಯ ಲಾರಿ ಪಾಲುದಾರ ಮಂಡಕ್ಕಿ ಚೀಲ ಹೊತ್ತು ಬಂದ. ಹಿರೇಕೆರೂರಿನ ನೆಂಟರು ಹಸಿ ಶೇಂಗಾ ತಂದರು. ಸವಣೂರಿನ ಚಿಕ್ಕವ್ವ ಖಾರದ ಡಬ್ಬಿ ತಂದಳು. ಚುಕ್ಕಿ ಒಂದು ಕೂದಲೆಳೆ ಸರಿದರೆ ಸಾಕು, ಚಪ್ಪಾಳೆ. ತೊಡೆಯ ಮೇಲಿನ ಮಂಡಕ್ಕಿಯೆಲ್ಲ ನೆಲಕ್ಕೆ.

"ಸೊಟ್ಟಂಪಟ್ಟ ಹೊಂಟೈತೆಲ್ಲೋ. ಡ್ರೈವರ್ ಕುಡದಾನೇನು?" ಎಂದು ಹಾನಗಲ್ಲಿನ ಪಾಲುದಾರ ಕೇಳಿದ.

"ಎದರಗಾಳಿ ಇದ್ರ ಹಾವಿನಂಗ ಹೋಗಬೇಕಂತಪಾ. ಘಟ್ಟದ ತಿರುವು ಇದ್ದಂಗ" ಎಂದು ತಮ್ಮ ವಿವರಿಸಿದ, ಹುಟ್ಟಿದಾಗಿನಿಂದ ಹಾಯಿ ಎತ್ತಿದವನ ಹಾಗೆ.

ನಡೆದರೆ ಕಾಲ ಕೆಳಗೆ ಚರ್ ಚರ್ ಎನ್ನುತ್ತಿತ್ತು. ಇರುವೆಗಳು ಸಾಲುಗಟ್ಟಿ ಬಂದವು. ಆ ಮನೆಯಲ್ಲಿ ಶಿಸ್ತಿನಿಂದ ಇದ್ದದ್ದು ಅವು ಮಾತ್ರ. ತಮ್ಮನ ಹೆಂಡತಿಯನ್ನು ನನ್ನ ಪಕ್ಷಕ್ಕೆ ಎಳೆಯಲು ನೋಡಿದೆ. ಅವಳು ಅಂದಳು: "ಅಕ್ಕಾರ, ನೀವು ನಸುಕಿನ್ಯಾಗ ಬರಾ ಬರಾ ಕಸಾ ಹೊಡ್ಯೂದು ನಿಂತಮ್ಯಾಲೆ ಬೆಳಗಿನ ಜಾವಕ್ಕಾದ್ರೂ ಒಂದೀಟು ಕಣ್ಣು ಹತ್ತಾಕತ್ತಾವ್ರಿ. ಇದ್ದ ಚಿಂತಿಯೊಳಗ ಅದೊಂದು ಸುಖ. ಅದನ್ನ ಯಾಕ ಕಸಗೋತೀರಿ?"

ಆಮೇಲೆ ಒಂದು ಮಧ್ಯಾಹ್ನ ಗುಂಪಿಗೆ ಸುದ್ದಿ ಬಂತು. ದೋಣಿಯ ಚುಕ್ಕಾಣಿ ಮುರಿದಿದೆ. ಹುಡುಗಿಯರು ಕ್ಷೇಮ. ಹಲಗೆಯೊಂದನ್ನು ಕಟ್ಟಿಕೊಂಡು ನಿಧಾನವಾಗಿ ಬರುತ್ತಾರೆ. ಬ್ಯಾಟರಿ ಉಳಿಸಬೇಕು, ಅದಕ್ಕೆ ಚುಕ್ಕಿ ಕಾಣಿಸುವುದಿಲ್ಲ.

ಪಡಸಾಲೆಯಲ್ಲಿ ಶೇಂಗಾ ಸುಲಿಯುವ ಸದ್ದು ನಿಂತಿತು. ಹಾನಗಲ್ಲಿನ ಪಾಲುದಾರ ಧೈರ್ಯ ಹೇಳಲು, "ನಮ್ಮ ಗಾಡಿದೂ ಸ್ಟೇರಿಂಗ್ ಕಟ್ಟಾಗಿದ್ದಿಲ್ಲೇನು? ಬದಿಗೆ ಹಚ್ಚಿದ್ವೆಲ್ಲ" ಅಂದ. ತಮ್ಮ ನನ್ನ ಕಡೆ ನೋಡಿದ.

"ಅಲ್ಲಿ ಬದಿ ಎಲ್ಲೈತಿ ಅಕ್ಕಾ?"

ನಾನು ಎದ್ದು ಹೋಗಿ ಅವನಿಗೆ ನೀರು ತಂದುಕೊಟ್ಟೆ.

ಅಷ್ಟರಲ್ಲಿ ಉಳಿದ ದೋಣಿಗಳು ಒಂದೊಂದಾಗಿ ದ್ವೀಪ ಸೇರಿದವು. ಗೆದ್ದವರ ಕೊರಳಿಗೆ ಹಾರ ಬಿದ್ದ ಚಿತ್ರಗಳು ಬಂದವು. ನಮ್ಮ ನೆಂಟರು ಬರುವುದನ್ನು ಬಿಟ್ಟರು. ಸೋತ ದೋಣಿಯ, ಅದೂ ಕಾಣದ ಚುಕ್ಕಿಯನ್ನು ನೋಡಲು ಯಾರು ಬಸ್ಸು ಹತ್ತುತ್ತಾರೆ? ತಮ್ಮ, ಹುಲಗೂರಿನ ದರ್ಗಾಕ್ಕೆ ಹೋಗಿ ಸಕ್ಕರೆಗೆ ಫಾತೆಹಾ ಓದಿಸಿಕೊಂಡು ಬಂದ, ಮಗಳು ಮುಟ್ಟಲಿ ಎಂದು ಬಾಯಿಗೆ ಹಾಕಿಕೊಳ್ಳಲಿಲ್ಲ. ಬರೀ ನೀಲಿ ತುಂಬಿದ ಟಿವಿಯ ಮುಂದೆ ಕುಳಿತೇ ಇರುತ್ತಿದ್ದ.

ನನಗೆ ತಡೆಯಲಾಗಲಿಲ್ಲ. "ನೀ ಇದನ್ನೆಲ್ಲಾ ಖರೇನ ನಂಬತೀ ಏನೋ?" ಎಂದು ಕೇಳಿದೆ.

"ಇಲ್ಲ."

"ಮತ್ತ?"

"ಹಾಯಿ ಏರಸಾಕ ನಂಗ ಬರಂಗಿಲ್ಲ. ಹಗ್ಗ ಜಗ್ಗಾಕ ಬರಂಗಿಲ್ಲ. ಅಲ್ಲಿ ಹೋಗಿ ನಿಂದ್ರಾಕೂ ಬರಂಗಿಲ್ಲ. ಇಲ್ಲಿ ಕುಂತು ಕಸಾ ಹೊಡೀದಂಗ ಇರಾಕ ಬರ್ತೈತಿ. ಅಷ್ಟ ಮಾಡಾಕತ್ತೇನಿ."

ಆ ದಿನವೇ ಪುಣೆಯ ತಾಯಿ ಗುಂಪಿನಲ್ಲಿ ಒಂದು ಚಿತ್ರ ಕಳಿಸಿದ್ದಳು. ಮೂಲೆಯಲ್ಲಿ ಅವಳ ಮಷೀನ್, ಅದರ ಮೇಲೆ ಬೆರಳಿಂದ ಗೆರೆ ಎಳೆಯಬಹುದಾದಷ್ಟು ಧೂಳು.

ಎರಡು ದಿನ ಬಿಟ್ಟು ಸವಣೂರಿನ ಚಿಕ್ಕವ್ವ ಬಂದಳು. ಮನೆ ನೋಡಿ ಹೌಹಾರಿದಳು.

"ಸ್ಪರ್ಧಾ ಮುಗದು ಎಷ್ಟು ದಿನಾತು. ಇನ್ನೂ ಹಿಂಗ ಕುಂತೀರೇನು? ಸರೀರಿ ಅತ್ತಾಗ" ಎಂದು ಸೆರಗು ಸಿಕ್ಕಿಸಿಕೊಂಡು, ಬಾಗಿಲ ಸಂದಿಯಿಂದ ಕಸಬರಿಗೆ ಎಳೆದಳು.

ಇಷ್ಟು ದಿನ ನಾನು ದೇವರಲ್ಲಿ ಬೇಡಿದ್ದು ಇಂಥ ಒಬ್ಬಳನ್ನೇ ಅಲ್ಲವೇ? ಆದರೆ ಕಸಬರಿಗೆ ನೆಲ ಮುಟ್ಟುವ ಮೊದಲು ನನಗೆ ಒಂದು ನೆನಪಾಯಿತು. ನಮ್ಮ ಕಡೆ, ಮನೆಯಿಂದ ಹೊರಟವರ ಬೆನ್ನಿಗೇ ಕಸ ಹೊಡೆಯುವುದು ಒಂದೇ ಸಲ. ಹೆಣ ಎತ್ತಿದಾಗ.

ನಾನು ಹಾರಿ ಹೋಗಿ ಚಿಕ್ಕವ್ವನ ಕೈ ಹಿಡಿದೆ. ಕಸಬರಿಗೆ ಕಸಿದುಕೊಂಡು ಹಿಂದೆ ಮುಚ್ಚಿಟ್ಟುಕೊಂಡೆ. "ಕುಂದರು ಚಿಕ್ಕವ್ವಾ. ಚಹಾ ಮಾಡ್ತೇನಿ" ಅಂದೆ. ನನ್ನ ಧ್ವನಿ ಹಾಸ್ಟೆಲಿನಲ್ಲಿ ಇದ್ದ ಹಾಗೆ ಬಂದಿರಬೇಕು, ಅವಳು ಕೂತುಬಿಟ್ಟಳು. ತಮ್ಮ ನನ್ನ ಕಡೆ ನೋಡಲಿಲ್ಲ.

ಫೋನು ಬಂದದ್ದು ಅದಾದ ಮೇಲೆ, ಒಂದು ಬೆಳಗ್ಗೆ. ಅವನು ಅದನ್ನು ಜೋರಾಗಿ ಕೇಳುವಂತೆ ಮಾಡಿದ. ಗಾಳಿಯ ಸದ್ದು, ಯಾರೋ ಕೂಗುವ ಸದ್ದು, ಅದರ ನಡುವೆ ಅವಳು.

"ಅಪ್ಪಾ, ಮುಟ್ಟಿದೆ."

ಅವನ ಡ್ರೈವರ್‌ಗಳು ಹೇಳುತ್ತಿದ್ದ ಅದೇ ಮಾತು. ಅವಳೇ ಮುಂದುವರಿಸಿದಳು, "ಎಲ್ಲಾರಕಿಂತ ಕಡೀಕ ಬಂದ್ವಿ ಅಪ್ಪಾ."

"ಕಡೀಕರ ಆಗಲಿ, ಬಂದ್ರೆಲ್ಲ" ಎಂದು ಅವಳ ಅವ್ವ ಒಳಗಿನಿಂದ ಅಳುತ್ತ ಕೂಗಿದಳು.

ಫೋನು ಇಟ್ಟ ಮೇಲೆ ತಮ್ಮ ಎದ್ದ. ಶೇಂಗಾ ಸಿಪ್ಪೆಯ ಮೇಲೆ ಚರ್ ಚರ್ ಎಂದು ನಡೆದು ಹೋಗಿ, ಕಸಬರಿಗೆ ತಂದು, ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ.

"ತಗೋ ಅಕ್ಕಾ, ಹೊಡಿ. ಭಾಳ ದಿನಾ ತಡಕೊಂಡಿ."

ತೆಗೆದುಕೊಂಡೆ. ಹಿಡಿ ಕೈಗೆ ಹಿತವಾಗಿ ಕೂತಿತು. ಸೊಂಟ ಬಗ್ಗಿಸಿದೆ. ಮಂಡಕ್ಕಿ ಪುಡಿಯ ಕೆಳಗೆ, ಹೊಸ್ತಿಲ ಹತ್ತಿರ, ಅವಳ ಆರತಿಯ ಅಕ್ಷತೆ ಇನ್ನೂ ಹಾಗೇ ಬಿದ್ದಿತ್ತು. ಕೆಂಪು ಸ್ವಲ್ಪ ಮಾಸಿತ್ತು.

"ಅಕಿ ಊರಿಗೆ ಬರೂದು ಹೆಂಗೋ?" ಎಂದು ಕೇಳಿದೆ.

"ವಿಮಾನದಾಗ. ಇನ್ನೊಂದೆರಡು ದಿನಕ್ಕ ಹತ್ತತಾಳಂತ. ಯಾಕ?"

ನಾನು ಸೊಂಟ ನೆಟ್ಟಗೆ ಮಾಡಿ ಕಸಬರಿಗೆಯನ್ನು ಅವನ ಕೈಗೆ ವಾಪಸ್ ಕೊಟ್ಟೆ.

"ಇಡು ಅಲ್ಲೆ. ಅಕಿ ಮನಿ ಮುಟ್ಟಲಿ."