ಗುಡಿಸುತ್ತಿದ್ದ ಅಕ್ಕ ಫೋಟೋದಲ್ಲಿ ಕಾಣದ ಬಗ್ಗೆ

ಇಂದ:
ರಾತ್ರಿ ಬೀದಿಗಳ ಕಪ್ಪು-ಬಿಳುಪು ಫೋಟೋಗ್ರಾಫರ್
(ಅಮಾನತಾದ ಪೌರಕಾರ್ಮಿಕಳ ಒಡಹುಟ್ಟಿದ ತಮ್ಮ)

ಗೆ:
ನೈರ್ಮಲ್ಯಾಧಿಕಾರಿಗಳು, ನಗರ ಕಚೇರಿ

ವಿಷಯ: ಕೆಲಸ ಮಾಡಿದ್ದರಿಂದ ಗೈರುಹಾಜರಾದ ಅಕ್ಕನನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳುವ ಕುರಿತು.

ಉಲ್ಲೇಖ: ತಮ್ಮ ಅಮಾನತು ಆದೇಶ, ಹಾಗೂ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿರುವ, ಪ್ರಥಮ ಬಹುಮಾನ ಪಡೆದ ಛಾಯಾಚಿತ್ರ.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರ್ಜಿದಾರನು ತಲೆತಗ್ಗಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರನ ಅಕ್ಕ ಮಾರುಕಟ್ಟೆ ಬೀದಿಯನ್ನು ರಾತ್ರಿಪಾಳಿಯಲ್ಲಿ ಗುಡಿಸುವವಳು. ತಾನು ದುಡಿಯುವುದನ್ನು ಯಾರೂ ನೋಡಿಲ್ಲ, ಒಂದು ಫೋಟೋ ತೆಗೆದುಕೊಡು ಎಂದು ಆಕೆಯೇ ಕೇಳಿದಳು. ಬೆಳಕು ಸಾಲದ ಕಾರಣ ಅರ್ಜಿದಾರನು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಅದರ ಕಣ್ಣನ್ನು ಅರ್ಧ ನಿಮಿಷ ತೆರೆದಿಟ್ಟನು.

೨. ಹಾಗೆ ತೆರೆದಿಟ್ಟರೆ ಕದಲದೆ ಇದ್ದದ್ದು ಮಾತ್ರ ಮೂಡುತ್ತದೆ, ಓಡಾಡುವವರು ಅಳಿಸಿಹೋಗುತ್ತಾರೆ. ಅದರಂತೆ, ಗುಡಿಸುತ್ತ ಸಾಗಿದ ಅಕ್ಕ ಮಾಯವಾದಳು. ದೀಪದ ಕೆಳಗೆ ಗಲ್ಲಕ್ಕೆ ಕೈಕೊಟ್ಟು ನಿದ್ದೆಹೋಗಿದ್ದ, ಆಕೆಯ ಕೆಲಸದ ಉಸ್ತುವಾರಿಯ ಮೇಸ್ತ್ರಿಯವರು ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ಬಂದರು.

೩. ಚಿತ್ರ ಚೆನ್ನಾಗಿ ಬಂದಿತ್ತು. ಆದ್ದರಿಂದ ಅರ್ಜಿದಾರನ ಬುದ್ಧಿಗೆ ಮಂಕು ಕವಿದು, ಅದನ್ನು ತಮ್ಮ ಕಚೇರಿಯ ‘ಸ್ವಚ್ಛ ಬೀದಿ’ ಸ್ಪರ್ಧೆಗೆ ಕಳಿಸಿದನು. ಬಹುಮಾನವೂ ಬಂತು. ತಾವು ಫೋಟೋದ ಹಿಂಬದಿಯ ತಾರೀಖು ನೋಡಿ, ಆ ರಾತ್ರಿ ಪಾಳಿಯಲ್ಲಿದ್ದ ಗುಡಿಸುವವಳು ಎಲ್ಲಿ ಎಂದು ಕೇಳಿದಿರಿ. ಆ ಕಾರಣ ಅಕ್ಕ ಅಮಾನತಾದಳು. ಬೀದಿಯ ಬಗ್ಗೆ ಒಬ್ಬರೇ ಚಿಂತಿಸುತ್ತಿದ್ದ ಕಾರಣ ಮೇಸ್ತ್ರಿಯವರಿಗೆ ಕರ್ತವ್ಯನಿಷ್ಠೆಯ ಪ್ರಶಸ್ತಿ ಸಿಕ್ಕಿತು. ಕೆಸರು ಅಕ್ಕನ ಕೈಗೆ, ಮೊಸರು ಮೇಸ್ತ್ರಿಯವರ ಬಾಯಿಗೆ.

೪. ಅಕ್ಕ ಬೈಯಲಿಲ್ಲ. “ನಿಂತ್ಕೋ ಅಂದಿದ್ರೆ ನಿಂತ್ಕೋತಿದ್ದೆ ಕಣೋ. ಗುಡಿಸ್ತಾನೇ ಇರು, ಸಹಜವಾಗಿ ಬರುತ್ತೆ ಅಂದೋನು ನೀನು,” ಎಂದಳು. ಅಂದೇ ಅರ್ಜಿದಾರನು ಬಹುಮಾನದ ಫಲಕವನ್ನು ಗೋಡೆಯಿಂದ ಇಳಿಸಿದನು.

೫. ಇದನ್ನೆಲ್ಲ ತಮ್ಮ ಗುಮಾಸ್ತರಿಗೆ ವಿವರಿಸಲಾಯಿತು. ಅವರು ಸಾವಧಾನವಾಗಿ ಕೇಳಿ, “ಬೀದಿ ಕ್ಲೀನಾಗಿದೆ, ಒಪ್ಪಿದೆ. ಯಾರು ಮಾಡಿದ್ದು ಅಂತ ಫೋಟೋದಲ್ಲಿ ಎಲ್ಲಿದೆ?” ಎಂದರು. ಅದೇ ಜಾಗದಲ್ಲಿ, ಅದೇ ಕ್ಯಾಮೆರಾದಿಂದ, ಅದೇ ವಿಧಾನದಲ್ಲಿ ತೆಗೆದ ಹೊಸ ಫೋಟೋದಲ್ಲಿ ಆಕೆ ಕಂಡರೆ ಮಾತ್ರ ಹಾಜರಿ ಎಂದೂ ತಿಳಿಸಿದರು.

ಆದ್ದರಿಂದ, ಸದರಿ ಪೌರಕಾರ್ಮಿಕಳು ಕರ್ತವ್ಯದಲ್ಲಿದ್ದಾಳೆಂದು ಸಾಬೀತುಪಡಿಸುವ ಸಲುವಾಗಿ, ಕರ್ತವ್ಯದ ವೇಳೆಯಲ್ಲಿ ಅರ್ಧ ನಿಮಿಷ ಏನೂ ಮಾಡದೆ ಇರಲು ಆಕೆಗೆ ಲಿಖಿತ ಅನುಮತಿ ದಯಪಾಲಿಸಬೇಕಾಗಿ ವಿನಂತಿ.

ತಮ್ಮ ಬಹುಮಾನಿತ ವಿಶ್ವಾಸಿ,
(ಸಹಿ)

ಲಗತ್ತು: ೧. ಅಕ್ಕ ಇರುವ, ಆದರೆ ಕಾಣದ ಫೋಟೋ.
೨. ಹಿಂದಿರುಗಿಸುತ್ತಿರುವ ಬಹುಮಾನದ ಫಲಕ.

ವಿ.ಸೂ.: ಏನೂ ಮಾಡದೆ ಇದ್ದು ಅಕ್ಕನಿಗೆ ಅಭ್ಯಾಸವಿಲ್ಲ. ಕಾರಣ, ಮೇಸ್ತ್ರಿಯವರಿಂದ ಆಕೆಗೆ ಸೂಕ್ತ ತರಬೇತಿ ಕೊಡಿಸಬೇಕಾಗಿ ಪ್ರಾರ್ಥನೆ.